ಬಾಣಲೆಯಗಲದ ಮೀನುಗಳ ನಾಡಿನಲ್ಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್, ಮೆಂಡೋಟಾ ಮತ್ತು ಮೊನೋನಾ ಎಂಬ ಎರಡು ಸರೋವರಗಳ ನಡುವಿನ ಕಿರಿದಾದ ನೆಲದ ಮೇಲೆ ಬೆಳೆದ ಊರು. ಶಾಸನಸಭೆಯ ಬಿಳಿ ಗುಮ್ಮಟದಿಂದ ಸ್ವಲ್ಪ ಇಳಿದರೆ ನೀರು, ನೀರಿನಂಚಿಗೆ ಗಾಳ ಹಿಡಿದು ಕೂತ ಜನ. ಅವರಿಗೆ ಬೇಕಾದದ್ದು ಭಾರೀ ಮೀನಲ್ಲ. ಅಂಗೈಯಗಲದ ಬ್ಲೂಗಿಲ್, ಪಟ್ಟೆ ಪಟ್ಟೆಯ ಹಳದಿ ಪರ್ಚ್, ಕಪ್ಪು ಚುಕ್ಕೆಗಳ ಕ್ರಾಪಿ. ಇಡಿಯಾಗಿ ಬಾಣಲೆಯಲ್ಲಿ ಹಿಡಿಸುವ ಈ ಮೀನುಗಳಿಗೆಲ್ಲ ಅಲ್ಲಿ ಪ್ಯಾನ್‌ಫಿಶ್ ಎನ್ನುತ್ತಾರೆ.

ಬೇಸಿಗೆಯ ಆರಂಭದಲ್ಲಿ ಗಂಡು ಬ್ಲೂಗಿಲ್‌ಗಳು ದಡದ ಹತ್ತಿರವೇ ಬಾಲದಿಂದ ಮರಳು ಗುಡಿಸಿ ಗುಂಡನೆಯ ಗೂಡು ಮಾಡಿ, ಮೊಟ್ಟೆಗಳಿಗೆ ಕಾವಲು ನಿಲ್ಲುತ್ತವೆ. ಅದನ್ನು ನನಗೆ ತೋರಿಸಿದವರು ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜ. ಸಣ್ಣ ಕೊಕ್ಕೆಗೆ ಎರೆಹುಳು ಸಿಕ್ಕಿಸಿ ಬಿಟ್ಟರೆ ಬೆಂಡು ಒಮ್ಮೆ ನಡುಗಿ ಮುಳುಗುತ್ತದೆ. ಎಳೆದರೆ ಮೀನು ತನ್ನ ಚಪ್ಪಟೆ ಮೈಯನ್ನು ನೀರಿಗೆ ಅಡ್ಡಲಾಗಿ ತಿರುಗಿಸಿ ಸೆಣಸುತ್ತದೆ. ಅಷ್ಟು ಚಿಕ್ಕ ಜೀವದಲ್ಲಿ ಅಷ್ಟು ಬಲವೇ ಎಂದು ಬೆರಗಾದೆ. ಬೆನ್ನಿನ ಮುಳ್ಳು ಚುಚ್ಚದಂತೆ ಒದ್ದೆ ಕೈಯಿಂದ ತಲೆಯ ಕಡೆಯಿಂದ ಸವರಿ ಹಿಡಿಯುವುದನ್ನೂ ಅವರೇ ಕಲಿಸಿದರು.

ಶುಕ್ರವಾರ ಬಂತೆಂದರೆ ಇಡೀ ರಾಜ್ಯ ಕರಿದ ಮೀನಿಗೆ ಕೂರುತ್ತದೆ. ಜರ್ಮನಿ, ಪೋಲೆಂಡುಗಳಿಂದ ಬಂದ ಕ್ಯಾಥೊಲಿಕರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ. 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ಮದ್ಯ ಮಾರಲಾಗದ ಹೋಟೆಲುಗಳಿಗೆ ಅಗ್ಗದ ಮೀನೂಟವೇ ಆಸರೆಯಾಯಿತು. ಇಂದಿಗೂ ತಟ್ಟೆಯಲ್ಲಿ ಪರ್ಚ್, ರೈ ಬ್ರೆಡ್, ಎಲೆಕೋಸಿನ ಸಲಾಡ್, ಆಲೂಗಡ್ಡೆಯ ದೋಸೆ. ಅದೇ ರಾಜ್ಯದ ಡೋರ್ ಕೌಂಟಿಯ ಹೆಸರಾದ ಮೀನೂಟ ಮಾತ್ರ ಕರಿದದ್ದಲ್ಲ. ಅಲ್ಲಿ ವೈಟ್‌ಫಿಶ್ ಮತ್ತು ಆಲೂಗಡ್ಡೆಯನ್ನು ಬಯಲಿನಲ್ಲಿ ಸೌದೆಯ ಉರಿ ಮೇಲೆ ಉಪ್ಪುನೀರಿನಲ್ಲಿ ಬೇಯಿಸುತ್ತಾರೆ. ಕೊನೆಗೆ ಬೆಂಕಿಗೆ ಸೀಮೆಎಣ್ಣೆ ಎರಚಿದಾಗ ಜ್ವಾಲೆ ಎದ್ದು, ಮೇಲಿನ ನೊರೆಯೆಲ್ಲ ಉಕ್ಕಿ ಹೊರಚೆಲ್ಲುತ್ತದೆ.

ಅಮೆರಿಕದ ದಕ್ಷಿಣದ ರಾಜ್ಯಗಳಿಗೆ ಇಳಿದರೆ ರುಚಿ ಬೇರೆ. ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಕ್ಯಾಟ್‌ಫಿಶ್ ನಮ್ಮ ಕರಾವಳಿಯ ರವಾ ಫ್ರೈನಂತೆ ಗರಿಗರಿ. ಉತ್ತರದವರು ಕ್ರಾಪಿ ಎನ್ನುವ ಮೀನು ಲೂಸಿಯಾನದವರಿಗೆ ಸಾಕಲೇ. ಅವರು ಅದಕ್ಕೆ ಖಾರ ಮಸಾಲೆ ಹಚ್ಚದೆ ಬಿಡರು.

ಆದರೆ ಸಣ್ಣ ಮೀನೆಂದು ಅಸಡ್ಡೆ ಮಾಡುವಂತಿಲ್ಲ. ಪರ್ಚ್ ಸಂತತಿ ಕುಸಿದಾಗ, 1996ರಲ್ಲಿ, ಮಿಚಿಗನ್ ಸರೋವರದ ತನ್ನ ಪಾಲಿನ ನೀರಿನಲ್ಲಿ ವಿಸ್ಕಾನ್ಸಿನ್ ವಾಣಿಜ್ಯ ಪರ್ಚ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಒಂದು ಊರಿನ ಶುಕ್ರವಾರದ ಊಟ ಉಳಿಯಬೇಕಾದರೆ ಅದರ ಕೆರೆ ಉಳಿಯಬೇಕು. ಆ ಕಡೆ ಹೋಗುವವರು ಪರವಾನಗಿ ಪಡೆದು ಒಂದು ಸಂಜೆ ಗಾಳ ಹಾಕಿ. ತಿನ್ನುವಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ನೀರಿಗೆ ಬಿಡಿ.