ಹಡಗು ನಿಂತ ಒಂಬತ್ತು ಗಂಟೆಗಳು: ಪಣಂಬೂರಿನಿಂದ ಬಿದಿರೆಗೆ

ಪಶ್ಚಿಮ ಕರಾವಳಿಯ ಬಂದರುಗಳನ್ನು ಕುರಿತು ಬರೆದಿಟ್ಟ ಪರದೇಶದ ಪ್ರವಾಸಿಗಳಲ್ಲಿ ಹೆಚ್ಚಿನವರು ಕಡಲ ಕಡೆಯಿಂದ ಬಂದವರು. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತ ಮಂಗಳೂರನ್ನು ‘ಮಂಜರೂರ್’ ಎಂದು ಕರೆದು, ಅದು ಫಾರ್ಸ್ ಮತ್ತು ಯೆಮನ್‌ಗಳ ವರ್ತಕರು ಬಂದಿಳಿಯುವ ಠಾವೆಂದೂ ಅಲ್ಲಿ ಮೆಣಸು, ಶುಂಠಿಗಳು ಹೇರಳವೆಂದೂ ಹೇಳಿದ. ಆ ಮೆಣಸು ಯಾರ ಕೈದಾಟಿ ಬಂದಿತು, ಅದನ್ನು ಮಾರಿದವರು ಬಂದ ಹಣವನ್ನು ಏನು ಮಾಡಿದರು ಎಂಬುದು ಬಂದರಿನಲ್ಲೇ ನಿಂತವನಿಗೆ ಕಾಣುವ ಸಂಗತಿಯಲ್ಲ. ಅದನ್ನು ಕಾಣಬೇಕಾದರೆ ಹಡಗನ್ನು ಬಿಟ್ಟು ಒಂದು ಹಗಲಾದರೂ ಒಳನಾಡಿಗೆ ಹೋಗಬೇಕು.

ಹಾಗೆ ಹೋದವರಲ್ಲಿ ಒಬ್ಬರು ಉತ್ತರ ಕರ್ನಾಟಕದ ನಿವೃತ್ತ ಕನ್ನಡ ಅಧ್ಯಾಪಕಿ. ಮಗ ಸೊಸೆಯರು ಅವರ ಎಪ್ಪತ್ತನೆಯ ವರ್ಷಕ್ಕೆಂದು ಮುಂಬೈಯಿಂದ ಕೊಚ್ಚಿಯ ಕಡೆಗೆ ಸಾಗುವ ಪ್ರವಾಸಿ ಹಡಗಿನಲ್ಲಿ ಜಾಗ ಕಾಯ್ದಿರಿಸಿದ್ದರು. ಹಡಗು ಬೆಳಗಿನ ಏಳು ಗಂಟೆಗೆ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ನಿಲ್ಲುವುದು, ಸಂಜೆ ನಾಲ್ಕಕ್ಕೆ ಎಲ್ಲರೂ ಹಡಗಿನಲ್ಲಿರತಕ್ಕದ್ದು ಎಂದು ಹಿಂದಿನ ರಾತ್ರಿಯೇ ಚೀಟಿ ಬಂದಿತ್ತು. ಹಡಗಿನವರು ಏರ್ಪಡಿಸಿದ್ದ ಬಸ್ಸಿನ ಪಟ್ಟಿಯಲ್ಲಿ ಮಾರುಕಟ್ಟೆ, ಗೋಡಂಬಿ ಕಾರ್ಖಾನೆ ಮತ್ತು ಒಂದು ದೇವಾಲಯ ಇದ್ದವು. ಮೂಡುಬಿದಿರೆ ಇನ್ನೊಂದು ಪಟ್ಟಿಯಲ್ಲಿ ಇತ್ತಾದರೂ ಅಲ್ಲಿಗೆ ಮೀಸಲಾದ ಅವಧಿ ನಲವತ್ತು ನಿಮಿಷ. ಅಧ್ಯಾಪಕಿ ಎರಡನ್ನೂ ಒಲ್ಲೆನೆಂದರು.

ಈ ಹಟಕ್ಕೆ ಕಾರಣವಿತ್ತು. ಮೂವತ್ತು ವರ್ಷ ಅವರು ಪದವಿ ತರಗತಿಗಳಿಗೆ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಪಾಠ ಹೇಳಿದ್ದರು, ಕವಿಯ ಊರನ್ನು ಒಮ್ಮೆಯೂ ನೋಡಿರಲಿಲ್ಲ. ಮನೆ, ಪರೀಕ್ಷೆ, ಮಕ್ಕಳ ಓದು, ಅತ್ತೆಯ ಕಾಯಿಲೆ ಎಂದು ಪ್ರತಿ ವರ್ಷ ಮುಂದೂಡಿದ ಪಯಣ ಅದು. ಮಲೆಗೂ ಕಡಲಿಗೂ ನಡುವಿನ ಒಂದು ಪುಟ್ಟ ಊರಿನಲ್ಲಿ ಕುಳಿತ ಕವಿ, ತಾನು ಕಾಣದ ಐಶ್ವರ್ಯವನ್ನು ಪುರಾಣದ ನೆರವಿನಿಂದ ಮನಸ್ಸಿನಲ್ಲಿಯೇ ಕಟ್ಟಿದ. ಭೋಗದ ನಡುವೆ ಯೋಗಿಯಾಗಿ ಉಳಿಯುವ ಭರತ ಆ ಕವಿಯ ಒಂಟಿ ಸಾಹಸ: ಇದು ಅವರು ತರಗತಿಯಲ್ಲಿ ಹೇಳುತ್ತ ಬಂದ ಮಾತು. ವಿದ್ಯಾರ್ಥಿಗಳು ಅದನ್ನೇ ಉತ್ತರಪತ್ರಿಕೆಗಳಲ್ಲಿ ಬರೆದರು, ಅವರೇ ಅದಕ್ಕೆ ಅಂಕ ಕೊಟ್ಟರು.

ಪರಿಶೀಲನೆಯ ಸಾಲುಗಳನ್ನು ದಾಟಿ ಬಂದರಿನ ಹೊರಗೆ ಬರುವಷ್ಟರಲ್ಲಿ ಎಂಟೂವರೆಯಾಯಿತು. ನವಮಂಗಳೂರು ಬಂದರು ಹಳೆಯ ಮಂಗಳೂರಿನದಲ್ಲ. ಕಡಲಿಗೆ ಒಳಗೆ ದಾರಿ ತೋಡಿ ಮಾಡಿದ ಕೃತಕ ಬಂದರು, 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ್ದು. ಹಾಯಿಹಡಗುಗಳ ಕಾಲದ ಬಂದರು ದಕ್ಷಿಣಕ್ಕೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿ ಇದೆ. ಹೊರಗೆ ನಿಂತಿದ್ದ ಆಟೋ ಚಾಲಕ, “ನೀವು ಹಡಗಿನಲ್ಲಿ ಬಂದದ್ದಾ ಅಮ್ಮ? ಎಷ್ಟು ಗಂಟೆಗೆ ವಾಪಸ್ ಮುಟ್ಟಬೇಕು?” ಎಂದು ಮೊದಲು ಕೇಳಿದ, ಬಾಡಿಗೆಯ ಮಾತು ಆಮೇಲೆ. ಮೂರೂವರೆ ಎಂದಾಗ, “ಹಾಗಾದರೆ ಬೆದ್ರಕ್ಕೆ ಬಸ್ಸಿನಲ್ಲೇ ಹೋಗಬಹುದು, ಬರುವಾಗ ಮಾತ್ರ ಕಾರು ಮಾಡಿಕೊಳ್ಳಿ” ಎಂದು ಸಲಹೆ ಕೊಟ್ಟು, ಕೂಳೂರು, ಕಾವೂರುಗಳ ಮೇಲೆ ವಾಮಂಜೂರಿಗೆ ತಂದುಬಿಟ್ಟ. ಮೂಡುಬಿದಿರೆಗೆ ತುಳುವರು ಹೇಳುವ ಹೆಸರು ಬೆದ್ರ. ಸಂಸ್ಕೃತದಲ್ಲಿ ವೇಣುಪುರ. ಪಾಠದಲ್ಲಿ ಎರಡನೆಯದನ್ನು ಮಾತ್ರ ಕಲಿಸಿದ್ದ ಅವರಿಗೆ, ಕಾರ್ಕಳದ ಖಾಸಗಿ ಬಸ್ಸಿನ ನಿರ್ವಾಹಕ ಬಾಗಿಲಲ್ಲಿ ಜೋತು “ಬೆದ್ರ, ಬೆದ್ರ” ಎಂದು ಕೂಗಿದಾಗ ಅದು ತಮ್ಮ ಕವಿಯ ಊರೇ ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು.

ಬಸ್ಸು ಗುರುಪುರದ ಸೇತುವೆ ದಾಟಿತು. ಈ ಸೀಮೆಯಲ್ಲಿಯೇ ಮಣೇಲ್ ಎಂಬ ಊರಿದೆ. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಮಂಗಳೂರಿನಲ್ಲಿ ತಂಗಿದ್ದಾಗ, ಉಳ್ಳಾಲದ ರಾಣಿಯನ್ನು ಕಾಣಬೇಕೆಂದು ಮಣೇಲಿಗೆ ಬಂದ. ರಾಣಿ ಅವನಿಗೆ ಕಂಡದ್ದು ಸಿಂಹಾಸನದ ಮೇಲಲ್ಲ, ಬೀದಿಯಲ್ಲಿ. ಬರಿಗಾಲಿನಲ್ಲಿ, ನೆಲ ಅಗೆಯುವ ಕೆಲಸವನ್ನು ನೋಡಿಕೊಳ್ಳಲು ನಡೆದು ಹೋಗುತ್ತಿದ್ದಳು. ತನ್ನ ಪತ್ರಗಳಲ್ಲಿ ಅವನು ಇದನ್ನು ವಿವರವಾಗಿ ಬರೆದ. ಜೈನರಾದ ಚೌಟ ಅರಸರ ಮನೆತನಕ್ಕೆ ಸೇರಿದ ಉಳ್ಳಾಲದ ಅಬ್ಬಕ್ಕನ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಪತ್ರಗಳನ್ನು ಬಿಡುವಂತಿಲ್ಲ. ಬಂದರಿನಲ್ಲಿ ಕುಳಿತು ಇತರರ ಮಾತು ಕೇಳಿ ಬರೆದಿದ್ದರೆ ನಮಗೆ ಇನ್ನೊಂದು ಅರಸೊತ್ತಿಗೆಯ ವರ್ಣನೆ ದೊರೆಯುತ್ತಿತ್ತು, ಅಷ್ಟೆ.

ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ದೇವರ ದರ್ಶನವಾಗದೆ ಆಹಾರ ಮುಟ್ಟದ ನಿಯಮದ ಅಧ್ಯಾಪಕಿ, ಹಡಗಿನಲ್ಲಿ ಕೈಗಡಿಯಾರದಷ್ಟು ಚಿಕ್ಕದೊಂದು ಚಿತ್ರಪಟದ ಮುಂದೆ ಆ ನಿಯಮವನ್ನು ನಡೆಸಿಕೊಂಡು ಬಂದಿದ್ದರು. ಅಂದು ಬೆಳಿಗ್ಗೆ ಅದನ್ನೂ ತೆಗೆಯದೆ ಉಪವಾಸವಾಗಿಯೇ ಬಂದು, ಹತ್ತೂಕಾಲಕ್ಕೆ ತ್ರಿಭುವನತಿಲಕ ಚೂಡಾಮಣಿ ಬಸದಿಯ ಚಂದ್ರನಾಥಸ್ವಾಮಿಯ ಎದುರು ನಿಂತರು. ಜನ ಇದನ್ನು ಸಾವಿರ ಕಂಬದ ಬಸದಿ ಎನ್ನುತ್ತಾರೆ, ಊರವರಿಗೆ ಹೊಸ ಬಸದಿ. 1430ರ ಸುಮಾರಿಗೆ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಕಟ್ಟಿದ್ದಕ್ಕೆ ಇಂದಿಗೂ ಹೊಸದೆಂಬ ಹೆಸರು ಉಳಿದಿರುವುದು ಆ ಊರಿನ ಹಳಮೆಗೆ ಸಾಕ್ಷಿ. ಕೆಳಗಿನ ಅಂತಸ್ತು ಕಲ್ಲು, ಮೇಲಿನವು ಮರ, ಇಳಿಜಾರು ಮಾಡಿಗೆ ತಾಮ್ರದ ಹೊದಿಕೆ. ಜೇಮ್ಸ್ ಫರ್ಗುಸನ್ ಈ ಮಾಡುಗಳನ್ನು ನೋಡಿ ನೇಪಾಳವನ್ನು ನೆನೆದ. ತುಳುನಾಡಿನ ಮಳೆಯನ್ನು ನೆನೆದಿದ್ದರೂ ಸಾಕಾಗಿತ್ತು.

ಕಂಬಗಳ ಕುಸುರಿಯನ್ನು ಎಲ್ಲರೂ ವರ್ಣಿಸಿದ್ದಾರೆ. ಅಧ್ಯಾಪಕಿಯನ್ನು ತಡೆದು ನಿಲ್ಲಿಸಿದ್ದು ಕಂಬವಲ್ಲ, ಮುಂಭಾಗದ ಭೈರಾದೇವಿ ಮಂಟಪದ ಅಧಿಷ್ಠಾನ. ಹದಿನೈದನೆಯ ಶತಮಾನದ ನಡುವೆ ಸೇರಿಸಿದ ಈ ಮಂಟಪದ ಬುಡದ ಪಟ್ಟಿಕೆಯಲ್ಲಿ ಆನೆ, ಕುದುರೆ, ಯೋಧರ ಸಾಲಿನೊಡನೆ ಒಂದು ಜಿರಾಫೆ ಇದೆ, ಚೀನೀ ಬಗೆಯ ಒಂದು ಡ್ರ್ಯಾಗನ್ ಇದೆ. ಅವು ಮೊಣಕಾಲಿನ ಎತ್ತರದಲ್ಲಿರುವುದರಿಂದ ಬಗ್ಗದವರಿಗೆ ಸಿಗುವುದಿಲ್ಲ. ಆ ಹೊತ್ತಿಗೆ ಬಂದ ಒಂದು ಬಸ್ಸಿನ ಪ್ರವಾಸಿಗಳು, ಅವರದೇ ಹಡಗಿನವರು, ಕಂಬಗಳ ಚಿತ್ರ ತೆಗೆದುಕೊಂಡು ಹೊರಟುಹೋದರು. ಅಧ್ಯಾಪಕಿ ಜಗಲಿಯ ಕೆಳಗೆ ನೆಲದ ಮೇಲೆಯೇ ಕುಳಿತರು.

ಆಫ್ರಿಕದ ಪ್ರಾಣಿ ತುಳುನಾಡಿನ ಕಲ್ಲಿಗೆ ಹೇಗೆ ಬಂದಿತು? 1414ರಲ್ಲಿ ಬಂಗಾಳದಿಂದಲೂ ಮರುವರ್ಷ ಮಾಲಿಂದಿಯಿಂದಲೂ ಚೀನದ ಮಿಂಗ್ ಚಕ್ರವರ್ತಿಗೆ ಜಿರಾಫೆಗಳು ಕಾಣಿಕೆಯಾಗಿ ಹೋದದ್ದು ದಾಖಲೆಯಲ್ಲಿದೆ. ಅದೇ ದಶಕಗಳಲ್ಲಿ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದವು. ಮಂಟಪ ಎದ್ದದ್ದು ಅದಾದ ಒಂದು ತಲೆಮಾರಿನೊಳಗೆ. ಶಿಲ್ಪಿ ಆ ಪ್ರಾಣಿಯನ್ನು ಕಂಡಿದ್ದನೋ, ಕಂಡವರ ಬಾಯಿಂದ ಕೇಳಿದ್ದನೋ, ಅಂತೂ ಬಂದರಿನ ಸುದ್ದಿ ಒಳನಾಡಿನ ಉಳಿಯ ತುದಿಯವರೆಗೆ ಬಂದಿತ್ತು. ಕಡಲಿನಿಂದ ದೂರವಿದ್ದ ಏಕಾಂತದ ಊರು ಎಂದು ತಾವು ಪಾಠ ಹೇಳಿದ್ದು ಇದೇ ಊರನ್ನು. ಈ ಬಸದಿಯ ನಿರ್ಮಾಣದಲ್ಲಿ ಇಲ್ಲಿನ ಸೆಟ್ಟಿಗಳ, ‘ಹಲರು’ ಎನಿಸಿದ ವರ್ತಕ ಸಮೂಹದ ಪಾತ್ರವನ್ನು ಶಾಸನಗಳು ಹೇಳುತ್ತವೆಂದು ಅಧ್ಯಾಪಕಿ ಓದಿದ್ದರು. ಓದಿದ್ದನ್ನು ಕಾವ್ಯದ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ರತ್ನಾಕರನ ಕಾವ್ಯ 1557ರದು. ಅವನು ಹುಟ್ಟುವ ಹೊತ್ತಿಗೆ ಈ ಜಿರಾಫೆ ಹಳೆಯದಾಗಿತ್ತು.

ಹನ್ನೊಂದೂವರೆಗೆ ಬಸದಿಯ ಹೊರಗೆ ಅವರೆದುರು ಎರಡು ದಾರಿಗಳಿದ್ದವು. ಒಂದು, ಗುರುಬಸದಿಗೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಯ್ದ ಸ್ಥಳ ಅದು. 1896ರಿಂದ 1922ರವರೆಗೆ ಪ್ರತಿಲಿಪಿ ಕಾರ್ಯ ನಡೆದು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸಂಪುಟಗಳು ಹೊರಬಂದದ್ದು ಜೈನ ವಿದ್ವತ್ತಿನ ಚರಿತ್ರೆಯಲ್ಲಿಯೇ ದೊಡ್ಡ ಘಟನೆ. ಕನ್ನಡ ಕಲಿಸಿದ ಶ್ರಾವಿಕೆಯೊಬ್ಬಳು ಅದನ್ನು ಬಿಟ್ಟು ಬೇರೆಡೆಗೆ ಹೋಗುವುದು ಸುಲಭವಲ್ಲ. ಇನ್ನೊಂದು ದಾರಿ ಊರ ಹೊರವಲಯದ ಕೊಡಂಗಲ್ಲಿಗೆ. ಎರಡಕ್ಕೂ ಸಾಕಾಗುವಷ್ಟು ಮನಸ್ಸಿನ ಬಿಡುವು ಆ ಹಗಲಿನಲ್ಲಿ ಇರಲಿಲ್ಲ. ಅವರು ಗುರುಬಸದಿಯ ಹೊಸ್ತಿಲಲ್ಲಿ ಪಾರ್ಶ್ವನಾಥನಿಗೆ ಕೈಮುಗಿದು ಆಟೋ ಹತ್ತಿದರು. ಈ ಆಯ್ಕೆಯನ್ನು ಒಪ್ಪದವರು ಇದ್ದಾರು.

ಕೊಡಂಗಲ್ಲಿನಲ್ಲಿರುವುದು ಜೈನ ಮುನಿಗಳ ಸಮಾಧಿಗಳು. ಮುರಕಲ್ಲಿನವು, ಅಂತಸ್ತಿನ ಮೇಲೆ ಅಂತಸ್ತಾಗಿ, ಮೇಲೇರಿದಂತೆ ಕಿರಿದಾಗುವ ಸೂರುಗಳು. ಕೆಲವು ಕುಸಿದಿವೆ. ಬಸದಿಯ ಹೊಳಪು ಇಲ್ಲಿಲ್ಲ, ಪ್ರವಾಸಿಗಳೂ ಇಲ್ಲ. ಹುಲ್ಲು, ಹಾವಸೆ, ಮಧ್ಯಾಹ್ನದ ಸೆಕೆ. ಹಿಂದೆ ಬಂದ ಚಾಲಕ, “ನೋಡಿ ಅಮ್ಮ, ಹುಲ್ಲಿನಲ್ಲಿ ಹುಳಹುಪ್ಪಟೆ ಇರ್ತದೆ” ಎಂದು ಎಚ್ಚರಿಸಿ ನೆರಳಲ್ಲಿ ನಿಂತ. ಈ ಸಮಾಧಿಗಳ ನಡುವೆ ಎರಡು ವರ್ತಕರವು: ಆಬು ಸೆಟ್ಟಿ, ಆದು ಸೆಟ್ಟಿ ಎಂಬುವರದೆಂದು ಬರಹಗಳಿಂದ ತಿಳಿದಿದೆ. ಎಲ್ಲವನ್ನೂ ತೊರೆದ ಮುನಿಗೂ ಎಲ್ಲವನ್ನೂ ಕೂಡಿಸಿದ ಸೆಟ್ಟಿಗೂ ಒಂದೇ ನೆಲ, ಒಂದೇ ಕಲ್ಲು. ಅಪರಿಗ್ರಹವನ್ನು ಮಹಾವ್ರತವೆಂದು ಹೇಳುವ ಧರ್ಮ ಗೃಹಸ್ಥನಿಗೆ ಪರಿಮಾಣದ ಅಣುವ್ರತವನ್ನು ಕೊಟ್ಟಿತು. ಕಡಲ ವ್ಯಾಪಾರದ ಊರಿನಲ್ಲಿ ಆ ಎರಡರ ನಡುವಿನ ಅಂತರ ಎಷ್ಟು ಕಿರಿದಾಗಬಲ್ಲದು ಎಂಬುದನ್ನು ಈ ಬಯಲಿನಲ್ಲಿ ಹೆಜ್ಜೆಯಿಂದ ಅಳೆಯಬಹುದು.

ಭರತೇಶನನ್ನು ಅಧ್ಯಾಪಕಿ ಮತ್ತೆ ನೆನೆದದ್ದು ಇಲ್ಲಿ. ತೊಂಬತ್ತಾರು ಸಾವಿರ ರಾಣಿಯರ ನಡುವೆ ಇದ್ದು ಆತ್ಮಧ್ಯಾನ ಮಾಡುವ ಚಕ್ರವರ್ತಿ, ಕವಿಯೊಬ್ಬನ ಒಂಟಿ ಸಾಹಸವಾಗಿರದೆ, ಮಡಿಲಲ್ಲಿ ಹಣವನ್ನೂ ಮನಸ್ಸಿನಲ್ಲಿ ಮುನಿಯನ್ನೂ ಇಟ್ಟುಕೊಂಡ ಒಂದು ಸಮಾಜ ತನಗಾಗಿ ಹಂಬಲಿಸಿದ ಪ್ರತಿಮೆಯೂ ಆಗಿರಬಹುದಲ್ಲವೇ? ಇದಕ್ಕೆ ಎದುರಾಗಿ ಐತಿಹ್ಯವೊಂದಿದೆ: ಕಾವ್ಯವನ್ನು ಆನೆಯ ಮೇಲೆ ಮೆರೆಯಿಸಬೇಕೆಂದು ಕವಿ ಕೇಳಿದಾಗ ಮಠ ಒಪ್ಪಲಿಲ್ಲವೆಂದೂ ಅವನು ಮುನಿದು ಮತವನ್ನೇ ಬಿಟ್ಟು ಮರಳಿದನೆಂದೂ ಹೇಳುತ್ತಾರೆ. ಮಠ ಒಪ್ಪದ್ದನ್ನು ಪೇಟೆ ಒಪ್ಪಿರಲೂಬಹುದು. ಸಮಾಧಿಯ ಕಲ್ಲು ಕಾವ್ಯದ ಅರ್ಥಕ್ಕೆ ಪ್ರಮಾಣವಾಗದು ನಿಜ. ಆದರೆ ಊರನ್ನು ನೋಡದೆ ಹೇಳಿದ ಅರ್ಥಕ್ಕೂ ಬೇರೆ ಪ್ರಮಾಣವೇನೂ ಇರಲಿಲ್ಲ.

ಒಂದೂವರೆಗೆ ಪೇಟೆಯ ಹೋಟೆಲೊಂದರಲ್ಲಿ ಈರುಳ್ಳಿ, ಆಲೂಗಡ್ಡೆ ಬೇಡವೆಂದಾಗ, ಮಾಣಿ ಮರುಮಾತಿಲ್ಲದೆ ಅನ್ನ, ಸೌತೆಯ ಹುಳಿ, ಮಜ್ಜಿಗೆ ತಂದಿಟ್ಟ. ಹಡಗಿನಲ್ಲಿ ಎರಡು ದಿನ ಬರಹದಲ್ಲಿ ವಿವರಿಸಬೇಕಾದ ವಿಷಯ ಇಲ್ಲಿ ಒಂದು ಮಾತಿನಲ್ಲಿ ಮುಗಿಯಿತು. ಪಕ್ಕದ ಅಂಗಡಿಯಲ್ಲಿ ಕಾಲು ಕಿಲೊ ಕರಿಮೆಣಸು ಕೊಂಡರು. ಎರಡಕ್ಕೆ ಕಾರು ಹೊರಟಿತು. ಗಂಜಿಮಠದ ಬಳಿ ಲಾರಿಯೊಂದು ಅಡ್ಡ ನಿಂತು ಇಪ್ಪತ್ತು ನಿಮಿಷ ದಾರಿ ಕಟ್ಟಿದಾಗ, ಮಗ ನಾಲ್ಕು ಬಾರಿ ಫೋನ್ ಮಾಡಿದ. ಬಂದರಿನ ಬಾಗಿಲಿಗೆ ಬಂದಾಗ ಮೂರು ಗಂಟೆ ನಲವತ್ತು ನಿಮಿಷ. ಯಂತ್ರದೊಳಗೆ ಹಾಯ್ದುಬಂದ ಕೈಚೀಲವನ್ನು ತೆರೆಸಿದ ಕಾವಲಿನವನು ಪೊಟ್ಟಣವನ್ನು ಮೂಸಿ ನೋಡಿ, “ಮೆಣಸಾ?” ಎಂದು ನಕ್ಕು ಬಿಟ್ಟುಕೊಟ್ಟ.

ರಾತ್ರಿ ಹಡಗಿನ ಊಟದ ಪಟ್ಟಿಯ ಹಿಂಬದಿಯಲ್ಲಿ ಅವರು ಆ ಜಿರಾಫೆಯನ್ನು ನೆನಪಿನಿಂದ ಬರೆಯಲು ಕುಳಿತರು. ಕತ್ತು ಸರಿಯಾಗಿ ಬಂದಿತು. ಕಾಲುಗಳು ಕುದುರೆಯವಾಗಿಬಿಟ್ಟವು. ಅಳಿಸಿ ತಿದ್ದಲು ಅವರ ಬಳಿ ರಬ್ಬರ್ ಇರಲಿಲ್ಲ. ಸೊಸೆಯ ಚೀಲದಲ್ಲಿ ಹುಡುಕಲು ಎದ್ದರು.