ಅವ್ವನ ಹಾಡಿಗೊಂದು ಬೇರೆ ಲೈನು

ಸಿರುಗುಪ್ಪದ ಮನೆ ಮಾರಿದಾಗ ನನ್ನ ಪಾಲಿಗೆ ಬಂದ ಟ್ರಂಕಿನಲ್ಲಿ ಒಂದು ಕ್ಯಾಸೆಟ್ಟಿತ್ತು. ಅಕ್ಕನ ಮದುವೆಯ ಹಿಂದಿನ ರಾತ್ರಿ ಅವ್ವ ಹಾಡಿದ ಸೋಬಾನೆ ಪದವನ್ನು ಸೋದರಮಾವ ತನ್ನ ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಮಾಡಿದ್ದ. ಅವ್ವನ ದನಿ ಅಂತ ಉಳಿದಿರುವುದು ಅದೊಂದೇ. ಹಾಡಿನ ನಡುವೆ ಒಂದು ಕಡೆ ಅವಳ ದನಿ ಇದ್ದಕ್ಕಿದ್ದಂತೆ ತುಸು ಏರುತ್ತದೆ. ಅಲ್ಲಿ ಅವ್ವಗೆ ಅಳು ಬಂದಿತ್ತು ಎಂಬುದು ನಮ್ಮ ಮನೆಯ ಮಾತು.

ಬಳ್ಳಾರಿಯ ಮನೆಯಲ್ಲಿ ಅದನ್ನು ಕೇಳಲೆಂದು ಹಳೆಯ ಡೆಕ್ಕು, ಆಂಪ್ಲಿಫೈಯರು, ಎರಡು ಸ್ಪೀಕರು ಜೋಡಿಸಿದೆ. ಹಾಡಿಗಿಂತ ಮೊದಲು ಬಂದದ್ದು ಗುಂಯ್ ಎಂಬ ಸದ್ದು. ಫ್ರಿಜ್ಜು ಚಾಲೂ ಆದಾಗೊಮ್ಮೆ ಟಪ್. ಬಳ್ಳಾರಿಯ ಬೇಸಿಗೆಯಲ್ಲಿ ಕೂಲರು ನಿಲ್ಲಿಸಿ ಹಾಡು ಕೇಳೋಣ ಎಂದರೆ ಯಾವ ಹೆಂಡತಿ ಒಪ್ಪುತ್ತಾಳೆ? ಪ್ಲಗ್ಗಿನ ದಪ್ಪ ಪಿನ್ನು ಕಿತ್ತುಬಿಡು, ಸದ್ದು ಹೋಗುತ್ತದೆ ಎಂದ ಗೆಳೆಯನೊಬ್ಬ. ಹೋಗುತ್ತದೆ, ನಿಜ. ಆದರೆ ಒಳಗಿನ ಫೇಸ್ ವೈರು ತಗಡಿಗೆ ತಾಗಿದ ದಿನ ಕರೆಂಟು ಭೂಮಿಗಿಳಿಯಲು ನಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಕುರುಗೋಡಿನಿಂದ ಪರಿಚಯದ ಹುಡುಗ ಬಂದ. ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ, ದೊಡ್ಡಬಸವೇಶ್ವರನ ಜಾತ್ರೆಗೆ ಸೀರಿಯಲ್ ಸೆಟ್ ಕಟ್ಟುವುದು ಅವನ ಕೆಲಸ. ಬೋರ್ಡು ಬಿಚ್ಚಿ ನೋಡಿ, "ಅಣ್ಣಾ, ಫ್ರಿಜ್ಜು, ಕೂಲರು, ನಿಮ್ಮ ಹಾಡು ಎಲ್ಲಾ ಒಂದೇ ವೈರಿನಾಗ ಅದಾವು. ಜಗಳ ಆಗದೆ ಏನಾಗ್ತತಿ?" ಎಂದ.

ಮೇನ್ ಬೋರ್ಡಿನಿಂದಲೇ ಬೇರೆ ಪೈಪು ಹಾಕಿ, 4 ಚದರ ಮಿಲಿಮೀಟರಿನ ತಾಮ್ರದ ವೈರುಗಳನ್ನು ನಡುವೆ ಎಲ್ಲೂ ಜಾಯಿಂಟಿಲ್ಲದೆ ಎಳೆದ. ಅದಕ್ಕೇ ಅಂತ ಒಂದು 16 ಆಂಪಿಯರಿನ ಎಂಸಿಬಿ. ಡೆಕ್ಕು ಒಂದು ಗೋಡೆಯಿಂದ, ಆಂಪ್ಲಿಫೈಯರು ಇನ್ನೊಂದರಿಂದ ಕರೆಂಟು ಪಡೆಯುತ್ತಿದ್ದವು. ಎರಡು ಕಡೆಯ ಅರ್ಥಿಂಗಿನಲ್ಲಿ ತುಸು ವ್ಯತ್ಯಾಸವಿದ್ದರೂ ಅವೆರಡನ್ನು ಕೂಡಿಸುವ ಆಡಿಯೋ ವೈರಿನಲ್ಲಿ ಕರೆಂಟು ಹರಿದು ಗುಂಯ್‌ಗುಡುತ್ತದೆ. ಈಗ ಎರಡಕ್ಕೂ ಒಂದೇ ಪಾಯಿಂಟು. ಹಾಡಿಗೆಂದೇ ಬೇರೆ ಅರ್ಥಿಂಗ್ ಗುಂಡಿ ಬೇಕೇ ಎಂದು ಕೇಳಿದೆ. ಮನೆಯ ಅರ್ಥಿಗೆ ಸೇರಿಸದೆ ಪ್ರತ್ಯೇಕ ಬಿಟ್ಟರೆ ಅಪಾಯ ಎಂದು ಹಿತ್ತಲ ಹಳೆಯ ಗುಂಡಿಗೇ ಇದ್ದಿಲು, ಉಪ್ಪು ತುಂಬಿ ಎರಡು ಕೊಡ ನೀರು ಹೊಯ್ಸಿದ. ಗೋಡೆಯ ಬಣ್ಣ ಹಾಳಾದದ್ದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ನಡೆದಿದೆ.

ಸಂಜೆ ಆಂಪ್ಲಿಫೈಯರಿನ ವಾಲ್ಯೂಮು ಪೂರ್ತಿ ತಿರುಗಿಸಿದೆ. ಸದ್ದಿಲ್ಲ. ಫ್ರಿಜ್ಜು ಚಾಲೂ ಆಯಿತು, ಟಪ್ ಇಲ್ಲ. ಕ್ಯಾಸೆಟ್ಟು ಹಾಕಿದೆ. ಮತ್ತೆ ಗುಂಯ್! ಹುಡುಗನನ್ನು ದುರುಗುಟ್ಟಿ ನೋಡಿದೆ. ಅವನು ಟೇಪು ನಿಲ್ಲಿಸಿದ, ಸದ್ದು ನಿಂತಿತು. ಹಾಕಿದ, ಬಂತು.

"ಇದು ಈ ಮನಿ ಕರೆಂಟಲ್ಲಣ್ಣ, ಟೇಪಿನಾಗಿಂದು."

ಹೌದು. ಸಿರುಗುಪ್ಪದ ಆ ಮನೆಯ ಗೋಡೆಯಾಚೆ ರೈಸ್ ಮಿಲ್ಲಿತ್ತು. ಅದರ ಮೋಟರು ಎದ್ದಾಗೆಲ್ಲ ನಮ್ಮ ಬಲ್ಬು ಕೆಂಪಗಾಗುತ್ತಿತ್ತು. ಆ ರಾತ್ರಿಯ ಕರೆಂಟೂ ಹಾಡಿನ ಜೊತೆ ಟೇಪಿಗಿಳಿದಿದೆ. ಕಿವಿಗೊಟ್ಟು ಕೇಳಿದೆ. ಅವ್ವನ ದನಿ ಏರುವ ಜಾಗದಲ್ಲಿ ಗುಂಯ್ ಸದ್ದೂ ಅವಳ ಜೊತೆಗೇ ಏರಿತು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಅದು ಹಾಡಿನ ಜೊತೆ ಶ್ರುತಿ ಏರಿಸುವುದಿಲ್ಲ. ಮಿಲ್ಲಿನ ಮೋಟರು ಎದ್ದು ವೋಲ್ಟೇಜು ಬಿದ್ದಾಗ ಮಾವನ ಟೇಪು ನಿಧಾನವಾಗಿರಬೇಕು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಏರುತ್ತದೆ.

ಮುಂದಿನ ಭಾನುವಾರ ಅಕ್ಕ ಬಂದಳು. ಸ್ಪೀಕರಿನ ಮುಂದೆ ನೆಲದ ಮೇಲೆ ಕೂತು ಕೇಳಿದಳು. ಆ ಜಾಗ ಬಂದಾಗ ಸೆರಗು ಬಾಯಿಗಿಟ್ಟುಕೊಂಡು, "ಇಲ್ಲೇ ನೋಡೋ, ಅವ್ವ ಅತ್ತಿದ್ದು" ಎಂದಳು.

"ಹೂಂ" ಎಂದೆ. ಇನ್ನೊಮ್ಮೆ ಹಾಕು ಎಂದಳು, ಹಾಕಿದೆ.