ಒಂದೂವರೆ ಮೂಗಿನ ಅತ್ತರು ವ್ಯಾಪಾರ

ಬಕ್ರೀದ್‌ಗೆ ವಾರವಿರುವಾಗ ಶಿವಾಜಿನಗರದ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಹೋದೆವು. ಅತ್ತರು ಆರಿಸುವುದು ಮೊದಲಿನಿಂದಲೂ ನಮ್ಮ ಮನೆಯವರ ಕೆಲಸ. 2021ರಲ್ಲಿ ಕೊರೋನಾ ಬಂದು ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಹೊತ್ತೊಯ್ದಿತು. ಆಮೇಲೆ ಅಲ್ಪಸ್ವಲ್ಪ ಮರಳಿದೆ, ಅದೂ ಓರೆಕೋರೆಯಾಗಿ. ಈರುಳ್ಳಿ ಹುರಿದರೆ ರಬ್ಬರ್ ಸುಟ್ಟಂತಿದೆ ಎನ್ನುತ್ತಾರೆ. ಹಾಗಾಗಿ ಈಗ ನಾವು ಒಂದೂವರೆ ಮೂಗಿನ ಗಿರಾಕಿಗಳು.

ಅಂಗಡಿಯ ಭಾಯಿ ಎರಡು ಶೀಶೆ ಮುಂದಿಟ್ಟರು. ಎರಡರಲ್ಲೂ ಕಿತ್ತಳೆ ಸಿಪ್ಪೆ, ಎರಡರಲ್ಲೂ ಮಸಾಲೆಯ ಬಿಸುಪು. "ಇದರಲ್ಲಿ ಲವಂಗ ಜಾಸ್ತಿ, ಅದರಲ್ಲಿ ದಾಲ್ಚಿನ್ನಿ. ಅಷ್ಟೇ ಆಪಾ" ಎಂದರು. ಕೇಳುವ ಮೊದಲೇ ನಮ್ಮ ಮನೆಯವರ ಎಡ ಮುಂಗೈಗೆ ಲವಂಗದ್ದು, ಬಲಕ್ಕೆ ದಾಲ್ಚಿನ್ನಿಯದು ಸವರಿಯಾಗಿತ್ತು. ಸುಗಂಧ ಕೊಟ್ಟರೆ ಪ್ರವಾದಿಯವರು(ಸ) ಬೇಡವೆನ್ನುತ್ತಿರಲಿಲ್ಲ. ಅತ್ತರಿನವರಿಗೆ ಇದು ಚೆನ್ನಾಗಿ ಗೊತ್ತು!

ಆ ಕ್ಷಣಕ್ಕೆ ಎರಡೂ ಒಂದೇ. ಕಿತ್ತಳೆಯ ಎಣ್ಣೆ ಬಲು ಹಗುರ. ಮೊದಲು ಮೂಗಿಗೆ ಬಡಿಯುವುದೂ ಅದೇ, ಮೊದಲು ಹಾರಿಹೋಗುವುದೂ ಅದೇ. ಮಸಾಲೆ ಆಮೇಲೆ. ಕೊನೆಗೆ ಉಳಿಯುವುದು ತಳದಲ್ಲಿರುವ ಗಂಧದಂಥ ಭಾರದ ಎಣ್ಣೆ. ಅಂಗಡಿಯಲ್ಲೇ ನಿಂತು ಆರಿಸುವವರು ಕಿತ್ತಳೆಗೆ ಮರುಳಾಗಿ ದುಡ್ಡು ಕೊಡುತ್ತಾರೆ. "ಒಂದು ಸುತ್ತು ಹಾಕಿ ಬರುತ್ತೇವೆ" ಎಂದು ರಸೆಲ್ ಮಾರ್ಕೆಟ್ ಕಡೆ ನಡೆದೆವು.

ಲವಂಗದ ಜೊತೆ ನಮಗೊಂದು ಹಳೆಯ ಲೆಕ್ಕವಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಬಾರಿ ಮೂಸಬೇಕೆಂದು ವೈದ್ಯರು ಹೇಳಿದ್ದರು. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಧಾನ ಅದು. ತಿಂಗಳುಗಟ್ಟಲೆ ನಮ್ಮ ಊಟದ ಮೇಜಿನ ಮೇಲೆ ನಾಲ್ಕು ಡಬ್ಬಿಗಳಿದ್ದವು. ನಿಂಬೆ ಮಾತಾಡಲಿಲ್ಲ, ಗುಲಾಬಿಯೂ ಇಲ್ಲ. ಲವಂಗ ಮಾತ್ರ ಚುರ್ ಎನ್ನುತ್ತಿತ್ತು. ಮೂಗು ಮರಳಿತೆಂದು ಹಿಗ್ಗಿ ವೈದ್ಯರಿಗೆ ಹೇಳಿದೆವು. ಅದು ಬರೀ ಚುರುಕು, ವಾಸನೆಯಲ್ಲ, ಮುಖದ ಉರಿ-ತಂಪು ತಿಳಿಸುವ ಬೇರೊಂದು ನರದ ಕೆಲಸ ಎಂದುಬಿಟ್ಟರು ಅವರು. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಹಾಗೇ ಉಳಿಯಿತು.

ಗಂಟೆ ಕಳೆದ ಮೇಲೆ ಮೂಸಿದಾಗ ಪೂರ್ತಿ ಮೂಗಿಗೆ ಸಂಶಯವೇ ಉಳಿಯಲಿಲ್ಲ. ದಾಲ್ಚಿನ್ನಿಯದು ಹದವಾಗಿ, ಬಿರಿಯಾನಿಯ ದಮ್ ಬಿಚ್ಚಿದಂತೆ. ಲವಂಗದ್ದೋ, ಹಲ್ಲುನೋವಿನ ಎಣ್ಣೆ. ಅರ್ಧ ಮೂಗು ಬಲಗೈ ಮೂಸಿ ಅಡ್ಡಡ್ಡ ತಲೆಯಾಡಿಸಿತು. ಎಡಗೈ ಮೇಲೆ ಬಾಗಿದ್ದು ಏಳಲೇ ಇಲ್ಲ.

"ಚುರುಕು ಹೋಗಿದೆ" ಎಂದರು. "ಆದರೂ ಏನೋ ಇದೆ. ಸಿಹಿ... ಅಬ್ಬಾನ ಟ್ರಂಕಿನ ಒಳಗಿನ ಹಾಗೆ."

ಭಾಯಿ ದಾಲ್ಚಿನ್ನಿಯನ್ನೇ ಕೊಳ್ಳಿ, ಬೆಲೆಯೂ ಕಮ್ಮಿ ಎಂದರು. ಮೂರು ಮಿಲಿಯ ಲವಂಗದ ಶೀಶೆ ಕಟ್ಟಿಸಿಕೊಂಡೆವು. ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಎಡ ಮುಂಗೈಯನ್ನು ಮೂಗಿಗೆ ಹಿಡಿದೇ ಕೂತಿದ್ದರು. ಪಕ್ಕದ ಸೀಟಿಗೆ ಹಲ್ಲುನೋವಿನ ಎಣ್ಣೆಯ ವಾಸನೆ ಬರುತ್ತಲೇ ಇತ್ತು.